ರೇಡಿಯೋ ಒಲೆ

ಒಗೆಯಲೆಂದು ಅಮ್ಮನ ಸೀರೆಗಳನ್ನು ಬಕೆಟ್ಟಿಗೆ ಹಾಕುತ್ತಿದ್ದೆ. ನೀಲಿ ನೂಲಿನ ಸೀರೆಯ ಸೆರಗಿನಲ್ಲಿ ಅಂಗೈಯಗಲದ ತೂತು ಕಾಣಿಸಿತು. ತೂತಿನ ಸುತ್ತ ಕಪ್ಪಗೆ ಕರಕಲು. "ಇದೇನಮ್ಮಾ?" ಎಂದು ಕೇಳಿದೆ. "ಇಲಿ ಕಡಿದಿರಬೇಕು ಕಣೇ" ಎಂದಳು, ನನ್ನ ಮುಖ ನೋಡದೆ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದವಳು ನಾನು. ಹೋಂವರ್ಕ್ ಪುಸ್ತಕವನ್ನು ಹಸು ತಿಂದಿತು ಎನ್ನುವ ಮಕ್ಕಳನ್ನು ದಿನಾ ನೋಡುವವಳು. ಇಲಿ ಕಡಿದರೆ ಬಟ್ಟೆ ಹರಿಯುತ್ತದೆಯೇ ಹೊರತು ಸುಡುವುದಿಲ್ಲ ಎಂಬುದು ನನಗೆ ಗೊತ್ತಾಗುವುದಿಲ್ಲವೆ?

ಅಮ್ಮನಿಗೆ ಎಂಬತ್ತೆರಡು. ಅಪ್ಪ ತೀರಿಕೊಂಡ ಮೇಲೆ ಹಳ್ಳಿಯ ಮನೆಗೆ ಬೀಗ ಹಾಕಿ ಸಾಗರದ ನಮ್ಮ ಮನೆಗೆ ಬಂದಿದ್ದಾಳೆ. ಬೆಳಗ್ಗೆ ಒಂಬತ್ತೂವರೆಗೆ ನಾನು ಶಾಲೆಗೆ, ಇವರು ಆಫೀಸಿಗೆ ಹೊರಟರೆ ಸಂಜೆಯ ತನಕ ಮನೆಯಲ್ಲಿ ಅವಳೊಬ್ಬಳೇ. ಕೈ ನಡುಗುತ್ತದೆ. ಮಧ್ಯಾಹ್ನ ಸಾರು ಬಿಸಿ ಮಾಡಿಕೊಳ್ಳಲು ಗ್ಯಾಸು ಹಚ್ಚುತ್ತಾಳೆ. ಒಮ್ಮೆ ಗುಂಡಿ ತಿರುಗಿಸಿ ಲೈಟರ್ ಹುಡುಕುವಷ್ಟರಲ್ಲಿ ಅಡುಗೆಮನೆಯೆಲ್ಲ ವಾಸನೆ ತುಂಬಿತ್ತಂತೆ. ಈ ಸಲ ಸೆರಗು. ಪುಣ್ಯಕ್ಕೆ ಪಕ್ಕದಲ್ಲೇ ನೀರಿನ ಕೊಡವಿತ್ತು.

ಫೋನಿನಲ್ಲಿ ಮಗನಿಗೆ ಹೇಳಿದೆ. ಮುಂದಿನ ಶನಿವಾರ ಅವನು ಬೆಂಗಳೂರಿನಿಂದ ಬರುವಾಗ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಹೊತ್ತು ತಂದ. "ಅಜ್ಜಿ, ಇದರಲ್ಲಿ ಬೆಂಕಿಯೇ ಇಲ್ಲ. ಪಾತ್ರೆ ಒಳಗಿಡು, ಗುಂಡಿ ಒತ್ತು, ಬಿಸಿ" ಎಂದು ಎರಡು ಮಾತಿನಲ್ಲಿ ಪಾಠ ಮುಗಿಸಿ ಭಾನುವಾರ ರಾತ್ರಿಯ ಬಸ್ಸಿಗೆ ಹೊರಟುಹೋದ.

ಸೋಮವಾರ ನಾನೇ ಶಾಸ್ತ್ರೋಕ್ತವಾಗಿ ಉದ್ಘಾಟನೆ ಮಾಡಿದೆ. ಹೊಸ ಯಂತ್ರಕ್ಕೆ ಹೊಸ ಪಾತ್ರೆಯೇ ಇರಲಿ ಎಂದು ಮದುವೆಯಲ್ಲಿ ಯಾರೋ ಉಡುಗೊರೆ ಕೊಟ್ಟಿದ್ದ ಚಿನ್ನದ ಅಂಚಿನ ಪಿಂಗಾಣಿ ಬಟ್ಟಲನ್ನು ಬೀರುವಿನಿಂದ ತೆಗೆದು, ಸಾರು ಹಾಕಿ ಒಳಗಿಟ್ಟೆ. ಗುಂಡಿ ಒತ್ತಿದ ಮರುಕ್ಷಣ ಬಟ್ಟಲಿನ ಅಂಚಿನ ಸುತ್ತ ಚಟಚಟನೆ ನೀಲಿ ಕಿಡಿ! ದೀಪಾವಳಿಯ ಸುರುಸುರುಬತ್ತಿಯ ಹಾಗೆ. ನಾನು ಕೂಗಿಕೊಂಡು ಪ್ಲಗ್ ಕಿತ್ತೆ. ಅಮ್ಮ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದಳು. "ಬೆಂಕಿ ಇಲ್ಲ ಅಂದನಲ್ಲೇ ನಿನ್ನ ಮಗ?" ಎಂದಷ್ಟೇ ಹೇಳಿ ಒಳಗೆ ಹೋದಳು.

ಆಮೇಲೆ ಆ ಪೆಟ್ಟಿಗೆಯ ಮೇಲೆ ಕ್ರೋಶಾದ ಬಟ್ಟೆ ಹೊದಿಸಿ, ಅದರ ಮೇಲೆ ಹೂದಾನಿ ಇಟ್ಟದ್ದಾಯಿತು. ಅಕ್ಕಪಕ್ಕದವರ ಮಾತುಗಳೂ ಸೇರಿಕೊಂಡವು. ಅದರಿಂದ ಕ್ಯಾನ್ಸರ್ ಬರುತ್ತದಂತೆ, ಅನ್ನದ ಸತ್ವವೆಲ್ಲ ಹೋಗುತ್ತದಂತೆ, ಎದುರಿಗೆ ನಿಂತರೆ ಕಣ್ಣು ಹೋಗುತ್ತದಂತೆ. "ಅಂತೆ"ಗಳಿಗೆ ಬರವೇ? ಗ್ಯಾಸು ಹಚ್ಚಕೂಡದೆಂದು ನಾನು ಆಣೆ ಹಾಕಿಸಿಕೊಂಡಿದ್ದರಿಂದ ಅಮ್ಮ ನಾಲ್ಕು ತಿಂಗಳು, ಮಲೆನಾಡಿನ ಆ ಮಳೆಗಾಲವಿಡೀ, ಮಧ್ಯಾಹ್ನ ತಣ್ಣನೆಯ ಅನ್ನ, ತಣ್ಣನೆಯ ಸಾರು ಉಂಡಳು. ಒಂದು ದಿನ ಶಾಲೆಗೆ ಅರ್ಧ ದಿನ ರಜೆ ಬಂದು ಬೇಗ ಮನೆಗೆ ಬಂದಾಗ, ಆಕೆ ಶಾಲು ಹೊದ್ದು ಕುಳಿತು ಆ ಅನ್ನವನ್ನು ಕಲಸುತ್ತಿದ್ದುದನ್ನು ಕಣ್ಣಾರೆ ಕಂಡೆ. ನನಗೆ ಆ ರಾತ್ರಿ ಊಟ ಸೇರಲಿಲ್ಲ.

ನಾನು ಓದಿದ್ದು ಬಿ.ಎ., ಬಿ.ಎಡ್. ಹೇಳುವುದು ಇತಿಹಾಸದ ಪಾಠ. ಯಂತ್ರದ ಹೊಟ್ಟೆಯೊಳಗೆ ಏನಿದೆಯೆಂದು ನೇರವಾಗಿ ತಿಳಿಯುವ ವಿದ್ಯೆ ನನ್ನಲ್ಲಿಲ್ಲ. ಆದರೆ ಯಾವುದೇ ವಸ್ತು ಎಲ್ಲಿಂದ ಬಂತು, ಯಾರು ತಂದರು, ಏಕೆ ತಂದರು ಎಂದು ಹಿಂದಕ್ಕೆ ಹೋಗಿ ನೋಡಿದರೆ ಅರ್ಧ ಭಯ ಹೋಗುತ್ತದೆ ಎಂಬುದು ನನ್ನ ಅನುಭವ. ಹಾಗೆ ಹುಡುಕತೊಡಗಿದೆ.

ಅಮ್ಮನ ಒಲೆಯಿಂದಲೇ ಆರಂಭಿಸುತ್ತೇನೆ. ಅವಳು ಮದುವೆಯಾಗಿ ಹೋದ ಮನೆಯಲ್ಲಿ ಇದ್ದದ್ದು ಮಣ್ಣಿನ ಒಲೆ. ಮಳೆಗಾಲದಲ್ಲಿ ಹಸಿ ಕಟ್ಟಿಗೆ, ಊದುಗೊಳವೆ, ಕಣ್ಣು ತುಂಬ ನೀರು. ಅಟ್ಟದ ತೊಲೆಗಳೆಲ್ಲ ಮಸಿ ಹಿಡಿದು ಹೊಳೆಯುತ್ತಿದ್ದವು. ಮೂವತ್ತು ವರ್ಷ ಆ ಹೊಗೆಯನ್ನು ಕುಡಿದಳು. ಕೆಲವು ವರ್ಷಗಳ ಕೆಳಗೆ ಕೆಮ್ಮು ಬಿಡದಿದ್ದಾಗ ವೈದ್ಯರು ಎದೆಯ ಎಕ್ಸ್‌ರೇ ನೋಡಿ, "ಇವರು ಬೀಡಿ ಸೇದುತ್ತಿದ್ದರೇ?" ಎಂದು ಕೇಳಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳ ಉಪಯೋಗಕ್ಕಾಗಿ 'ಅಸ್ತ್ರ' ಎಂಬ ವಿಭಾಗ ಹುಟ್ಟಿ, ಅಲ್ಲಿಯ ವಿಜ್ಞಾನಿಗಳು ಮುಂದೆ ಕಡಿಮೆ ಕಟ್ಟಿಗೆ ಬೇಡುವ, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳುಹಿಸುವ ಅಸ್ತ್ರ ಒಲೆಯನ್ನು ರೂಪಿಸಿದರು. ನಮ್ಮ ಮನೆಗೂ ಅದು ಬಂತು. ಬಂದ ಮೊದಲ ವಾರ ಅಮ್ಮ ಅದನ್ನೂ ನಂಬಿರಲಿಲ್ಲ. "ಹೊಗೆ ಬರದಿದ್ದರೆ ಅದು ಉರಿಯುತ್ತಿದೆ ಅಂತ ಹೇಗೆ ಗೊತ್ತಾಗಬೇಕು?" ಎಂದಿದ್ದಳಂತೆ. ಬತ್ತಿ ಸ್ಟೌ ಬಂದಾಗ ಸೀಮೆಎಣ್ಣೆ ವಾಸನೆ ಅನ್ನಕ್ಕೆ ಹತ್ತುತ್ತದೆ ಎಂದಳು. ಗ್ಯಾಸು ಬಂದಾಗ ಸಿಡಿಯುತ್ತದೆ ಎಂದಳು. ಪ್ರತಿಯೊಂದು ಒಲೆಯನ್ನೂ ಹೆದರಿಕೊಂಡೇ ಕಲಿತು, ಕಲಿತ ಮೇಲೆ ಅದರ ಒಡತಿಯಾದವಳು ಆಕೆ. ಹಾಗಾದರೆ ಇದೊಂದನ್ನು ಏಕೆ ಕಲಿಯಬಾರದು?

ಮೈಕ್ರೋವೇವ್ ಎಂದರೆ ಒಂದು ಜಾತಿಯ ರೇಡಿಯೋ ಅಲೆ. ಈ ಅಲೆಗಳ ಕಥೆಯಲ್ಲಿ ನಮ್ಮವರೂ ಇದ್ದಾರೆ. 1895ರಲ್ಲಿ ಕಲ್ಕತ್ತೆಯ ಟೌನ್‌ಹಾಲಿನಲ್ಲಿ ಜಗದೀಶಚಂದ್ರ ಬೋಸರು ತಂತಿಯ ಸಂಬಂಧವೇ ಇಲ್ಲದೆ ಗೋಡೆಯಾಚೆ ಗಂಟೆ ಬಾರಿಸಿ, ಮದ್ದಿನಪುಡಿ ಸಿಡಿಸಿ ತೋರಿಸಿದರು. ಅವರು ಪ್ರಯೋಗಗಳಲ್ಲಿ ಬಳಸುತ್ತಿದ್ದುದು ಇಂಥವೇ ಗಿಡ್ಡ ಅಲೆಗಳನ್ನು. ಆಗ ಅದರಿಂದ ಅನ್ನ ಬಿಸಿ ಮಾಡಬಹುದೆಂದು ಯಾರೂ ಕನಸಿನಲ್ಲೂ ಎಣಿಸಿರಲಿಲ್ಲ.

ಅದು ಅಡುಗೆಮನೆಗೆ ಬಂದದ್ದು ಯುದ್ಧದ ದಾರಿಯಿಂದ. ಎರಡನೆಯ ಮಹಾಯುದ್ಧದ ಪಾಠವನ್ನು ನಾನು ಪ್ರತಿ ವರ್ಷ ಹತ್ತನೆಯ ತರಗತಿಗೆ ಹೇಳುತ್ತೇನೆ. ಹಿಟ್ಲರ್, ಚರ್ಚಿಲ್, ಹಿರೋಶಿಮಾ ಎಲ್ಲವೂ ಬರುತ್ತವೆ. ಈ ಸಂಗತಿ ಮಾತ್ರ ಪುಸ್ತಕದಲ್ಲಿಲ್ಲ. 1940ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ರಾಂಡಲ್ ಮತ್ತು ಹ್ಯಾರಿ ಬೂಟ್ ಎಂಬಿಬ್ಬರು ಗಿಡ್ಡ ಅಲೆಗಳನ್ನು ಬಹಳ ಶಕ್ತಿಯುತವಾಗಿ ಹೊಮ್ಮಿಸುವ ಮ್ಯಾಗ್ನೆಟ್ರಾನ್ ಒಂದನ್ನು ಮಾಡಿದರು. ಅಂಗೈಯಲ್ಲಿ ಹಿಡಿಯಬಹುದಾದ ತಾಮ್ರದ ದಿಂಡು ಅದರ ಜೀವ. ಶತ್ರುವಿಮಾನಗಳನ್ನು ಕತ್ತಲಲ್ಲೂ ಮೋಡದಲ್ಲೂ ಹುಡುಕುವ ರಾಡಾರ್‌ಗೆ ಅದು ಕಣ್ಣಾಯಿತು. ಆದರೆ ಬಾಂಬು ಬೀಳುತ್ತಿದ್ದ ಇಂಗ್ಲೆಂಡಿನಲ್ಲಿ ಅದನ್ನು ಸಾವಿರಗಟ್ಟಲೆ ತಯಾರಿಸುವುದು ಹೇಗೆ? ಅದೇ ಸೆಪ್ಟೆಂಬರಿನಲ್ಲಿ ಹೆನ್ರಿ ಟಿಜರ್ಡ್ ಅವರ ನಾಯಕತ್ವದ ನಿಯೋಗ ಅದನ್ನು ಪೆಟ್ಟಿಗೆಯಲ್ಲಿಟ್ಟು ಗುಟ್ಟಾಗಿ ಅಮೆರಿಕಕ್ಕೆ ಒಯ್ದಿತು.

ಅಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ರೇಥಿಯಾನ್ ಎಂಬ ಕಂಪನಿಯಲ್ಲಿ ಪರ್ಸಿ ಸ್ಪೆನ್ಸರ್ ಎಂಬಾತನಿದ್ದ. 1894ರಲ್ಲಿ ಮೇಯ್ನ್ ರಾಜ್ಯದ ಒಂದು ಸಣ್ಣ ಊರಿನಲ್ಲಿ ಹುಟ್ಟಿದವನು. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು ಚಿಕ್ಕಮ್ಮನ ಮನೆಯಲ್ಲಿ ಬೆಳೆದ. ಪ್ರಾಥಮಿಕ ಶಾಲೆಯನ್ನೂ ಮುಗಿಸದೆ ಗಿರಣಿ ಕೆಲಸಕ್ಕೆ ಸೇರಿದ. 1912ರಲ್ಲಿ ಟೈಟಾನಿಕ್ ಹಡಗು ಮುಳುಗಿದಾಗ ಅದರ ವೈರ್‌ಲೆಸ್ ನಿರ್ವಾಹಕರ ಸುದ್ದಿ ಓದಿ ಆಸೆ ಹುಟ್ಟಿ, ನೌಕಾಪಡೆಗೆ ಸೇರಿ, ರಾತ್ರಿ ಕಾವಲಿನಲ್ಲಿ ಪುಸ್ತಕ ಹಿಡಿದು ರೇಡಿಯೋ ವಿದ್ಯೆಯನ್ನು ತಾನೇ ಕಲಿತ. ಆತನ ಕಥೆಯನ್ನು ನಾನೀಗ ಶಾಲೆ ಬಿಡುತ್ತೇನೆನ್ನುವ ಹುಡುಗರಿಗೆ ಹೇಳುವುದಿಲ್ಲ, ತಪ್ಪು ಅರ್ಥ ಮಾಡಿಕೊಂಡಾರು! ಆದರೆ ಪಾಸಾಗಲಿಲ್ಲವೆಂದು ಅಳುವ ಹುಡುಗಿಯರಿಗೆ ಹೇಳುತ್ತೇನೆ.

ದಿನಕ್ಕೆ ಹದಿನೇಳರಷ್ಟು ತಯಾರಾಗುತ್ತಿದ್ದ ಮ್ಯಾಗ್ನೆಟ್ರಾನ್‌ಗಳನ್ನು ಹೊಸ ವಿಧಾನ ಹೂಡಿ ದಿನಕ್ಕೆ 2600ರವರೆಗೆ ಏರಿಸಿದ್ದು ಈ ಸ್ಪೆನ್ಸರನ ಸಾಧನೆ. ಯುದ್ಧದ ಕೊನೆಯ ಕಾಲದಲ್ಲಿ ಒಂದು ದಿನ, ಚಾಲೂ ಇದ್ದ ಮ್ಯಾಗ್ನೆಟ್ರಾನಿನ ಎದುರು ಆತ ನಿಂತಿದ್ದಾಗ ಜೇಬಿನಲ್ಲಿದ್ದ ಮಿಠಾಯಿ ಕರಗಿ ಅಂಟಾಯಿತಂತೆ. ಅದಕ್ಕಿಂತ ಮುಂಚೆ ಬೇರೆಯವರಿಗೂ ಬಿಸಿ ತಗುಲಿದ್ದುಂಟು. ಅವರು ಪಕ್ಕಕ್ಕೆ ಸರಿದು ನಿಂತರು. ಈತ ಏಕೆ ಎಂದು ಕೇಳಿದ. ಜೋಳದ ಕಾಳು ತರಿಸಿ ಎದುರಿಗಿಟ್ಟ, ಅರಳಾಗಿ ಹಾರಿತು. ಮೊಟ್ಟೆ ಇಟ್ಟು ನೋಡಿದ, ಅದು ಸಿಡಿದು ಬಗ್ಗಿ ನೋಡುತ್ತಿದ್ದವನ ಮುಖಕ್ಕೆ ಹಾರಿತು ಎಂದು ಹೇಳುತ್ತಾರೆ. 1945ರ ಅಕ್ಟೋಬರ್ 8ರಂದು ಪೇಟೆಂಟಿಗೆ ಅರ್ಜಿ ಹಾಕಲಾಯಿತು. ಅದು ಕೈಗೆ ಬಂದದ್ದು 1950ರಲ್ಲಿ.

ಮೊದಲ ಯಂತ್ರದ ಹೆಸರು ರಾಡಾರೇಂಜ್. 1947ರಲ್ಲಿ ಮಾರಾಟಕ್ಕೆ ಬಂದಾಗ ಅದು ಆಳೆತ್ತರ. ತೂಕ ಸುಮಾರು 340 ಕಿಲೋ. ತಣ್ಣಗಾಗಲು ನಲ್ಲಿಯ ನೀರಿನ ಸಂಪರ್ಕ ಬೇರೆ. ದೊಡ್ಡ ಹೋಟೆಲು, ಹಡಗುಗಳಿಗೆ ಬಿಟ್ಟರೆ ಯಾರಿಗೆ ಬೇಕು? 1955ರಲ್ಲಿ ಟ್ಯಾಪನ್ ಎಂಬ ಕಂಪನಿ ಮನೆಗೆಂದು ಮಾಡಿದ್ದಕ್ಕೆ 1295 ಡಾಲರ್ ಬೆಲೆ. ಜಪಾನಿನ ಶಾರ್ಪ್ ಕಂಪನಿ 1966ರಲ್ಲಿ ಒಳಗೆ ತಿರುಗುವ ತಟ್ಟೆಯನ್ನು ಸೇರಿಸಿತು. ಕಟ್ಟೆಯ ಮೇಲೆ ಕೂರುವ, 495 ಡಾಲರಿನ ಅಮಾನಾ ಒಲೆ ಬಂದದ್ದು 1967ರಲ್ಲಿ. ಆಗ ಕಂಪನಿಯವರು ಒಂದು ಜಾಣತನ ಮಾಡಿದರು. ಗೃಹವಿಜ್ಞಾನ ಓದಿದ ಹೆಂಗಸರನ್ನು ಸೇರಿಸಿಕೊಂಡು, ಕೊಂಡವರಿಗೆ ಅದರಲ್ಲಿ ಅಡುಗೆ ಮಾಡುವುದನ್ನು ಕಲಿಸುವ ಏರ್ಪಾಡು ಮಾಡಿದರು.

ಇದನ್ನು ಓದಿದಾಗ ನನಗೆ ನಮ್ಮ ತಪ್ಪು ಎಲ್ಲಿದೆಯೆಂದು ತಿಳಿಯಿತು. ಅಲ್ಲಿ ಒಲೆಯ ಜೊತೆಗೆ ಒಬ್ಬ ಟೀಚರೂ ಬಂದಳು. ನಮ್ಮ ಮನೆಗೆ ಬಂದದ್ದು ಸಣ್ಣ ಅಕ್ಷರದ ಇಂಗ್ಲಿಷ್ ಪುಸ್ತಿಕೆ, ಬಸ್ಸಿಗೆ ಹೊತ್ತಾಯಿತೆನ್ನುವ ಮಗ. ಹೆದರಿದ್ದು ಅಮ್ಮನ ಅಜ್ಞಾನದಿಂದಲ್ಲ; ಕಲಿಸಬೇಕಾದ ಟೀಚರಮ್ಮನೇ ಓದದೆ ಪಾಠಕ್ಕೆ ನಿಂತದ್ದರಿಂದ.

ಇನ್ನು ಭಯದ ಮಾತು. ಅಮೆರಿಕದವರೂ ನಮ್ಮ ಹಾಗೆಯೇ ಹೆದರಿದ್ದರು. ಅಲೆ ಸೋರಿದರೆ ಏನು ಗತಿ ಎಂದು ಗದ್ದಲವಾಗಿ, 1968ರಲ್ಲಿ ಅಲ್ಲಿ ಕಾನೂನು ಬಂತು. 1971ರಿಂದ ಕಟ್ಟುನಿಟ್ಟಿನ ಅಳತೆ ಜಾರಿಯಾಯಿತು: ಒಲೆ ಎಷ್ಟು ಹಳೆಯದಾದರೂ ಅದರ ಮೈಯಿಂದ 5 ಸೆಂಟಿಮೀಟರ್ ದೂರದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟಿಗಿಂತ ಹೆಚ್ಚು ಸೋರಕೂಡದು, ಬಾಗಿಲು ತೆರೆದೊಡನೆ ಅಲೆ ನಿಲ್ಲಿಸಲು ಒಂದಲ್ಲ, ಎರಡು ಬೀಗ ಇರಬೇಕು. ಒಂದು ಕೆಟ್ಟರೆ ಇನ್ನೊಂದು ಕಾಯುತ್ತದೆ. ಬಾಗಿಲಿನ ಗಾಜಿನ ಹಿಂದೆ ಜರಡಿಯಂಥ ಲೋಹದ ಬಲೆ ನೋಡಿದ್ದೀರಲ್ಲ? ಒಳಗಿನ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, ಬಲೆಯ ತೂತು ಸಾಸಿವೆ ಕಾಳಿನಷ್ಟು. ಬೆಳಕು ಹೊರಬರುತ್ತದೆ, ಅಲೆ ಬರಲಾರದು. ಅಕ್ಕಿ ಜರಡಿಯಲ್ಲಿ ಕಲ್ಲು ನಿಂತ ಹಾಗೆ.

ಎಕ್ಸ್‌ರೇ ಕಿರಣದಂತೆ ದೇಹದ ಕಣಗಳನ್ನು ಒಡೆಯುವ ಶಕ್ತಿ ಈ ಅಲೆಗಿಲ್ಲ. ಇದು ಮಾಡುವುದು ಬಿಸಿಯನ್ನು ಮಾತ್ರ. ಸೆಕೆಂಡಿಗೆ 245 ಕೋಟಿ ಸಲ ದಿಕ್ಕು ಬದಲಿಸುತ್ತ, ಆಹಾರದಲ್ಲಿರುವ ನೀರಿನ ಕಣಗಳನ್ನು ತಳ್ಳಾಡಿಸುತ್ತದೆ. ಆ ತಿಕ್ಕಾಟವೇ ಬಿಸಿ. ಗುಂಡಿ ಆರಿಸಿದ ಕೂಡಲೇ, ದೀಪ ಆರಿಸಿದರೆ ಬೆಳಕು ಹೋಗುವ ಹಾಗೆ, ಅಲೆಯೂ ಹೋಗುತ್ತದೆ. ಅನ್ನದಲ್ಲಿ ಏನೂ ಉಳಿಯುವುದಿಲ್ಲ. ಸತ್ವದ ಮಾತು ಹೇಳುವುದಾದರೆ, ಸೊಪ್ಪು ತರಕಾರಿಯನ್ನು ತುಂಬ ನೀರು ಹಾಕಿ ಕುದಿಸಿ ಬಸಿಯುವುದಕ್ಕಿಂತ, ಸ್ವಲ್ಪವೇ ನೀರಿನಲ್ಲಿ ಬೇಗ ಬೇಯಿಸುವ ಈ ಒಲೆಯಲ್ಲಿ ಸಿ ಜೀವಸತ್ವ ಹೆಚ್ಚು ಉಳಿಯುತ್ತದೆ.

ಹಾಗೆಂದು ಎಚ್ಚರ ಬೇಡವೆಂದಲ್ಲ. ಬೇಕು, ಆದರೆ ಬೇರೆ ಕಡೆ. ನನ್ನ ಬಟ್ಟಲು ಏಕೆ ಕಿಡಿ ಹಾರಿಸಿತು? ಚಿನ್ನದ ಅಂಚೂ ಲೋಹವೇ. ತೆಳು ಲೋಹದ ಅಂಚಿನಲ್ಲಿ ಅಲೆಯಿಂದ ಹುಟ್ಟಿದ ವಿದ್ಯುತ್ತು ಒತ್ತೊತ್ತಾಗಿ ಸೇರಿ ಕಿಡಿಯಾಗಿ ಹಾರುತ್ತದೆ. ಆದ್ದರಿಂದ ಸ್ಟೀಲು, ಅಲ್ಯೂಮಿನಿಯಂ ಹಾಳೆ, ಜರಿ ಅಂಚಿನ ಪಿಂಗಾಣಿ ಬೇಡ. ಮೆಲಮೈನ್ ತಟ್ಟೆ, ಐಸ್‌ಕ್ರೀಮಿನ ಖಾಲಿ ಡಬ್ಬಿ ಕೂಡ ಬೇಡ. ಮೈಕ್ರೋವೇವಿಗೆಂದೇ ಗುರುತು ಹಾಕಿದ ಗಾಜು ಅಥವಾ ಬಿಳಿ ಪಿಂಗಾಣಿ ಸಾಕು.

ಇನ್ನೊಂದು ತಪ್ಪು ತಿಳಿವಳಿಕೆ, ಒಳಗಿನಿಂದ ಹೊರಕ್ಕೆ ಬೇಯುತ್ತದೆ ಎಂಬುದು. ಅಲೆ ಒಳಹೋಗುವುದು ಎರಡು ಮೂರು ಸೆಂಟಿಮೀಟರ್ ಮಾತ್ರ. ಮುಂದಿನದು ಬಿಸಿ ತಾನಾಗಿ ಹರಡಬೇಕು. ಪೆಟ್ಟಿಗೆಯೊಳಗೂ ಅಲೆ ಒಂದೆಡೆ ಜೋರು, ಒಂದೆಡೆ ಮೆತ್ತಗೆ. ಅದಕ್ಕೇ ತಟ್ಟೆ ತಿರುಗುವುದು. ನಿನ್ನೆಯ ಪಲ್ಯ ಅಂಚಿನಲ್ಲಿ ಸುಡುತ್ತಿದ್ದರೂ ನಡುವೆ ತಣ್ಣಗಿದ್ದರೆ ಅಲ್ಲಿ ರೋಗಾಣು ಸಾಯುವುದಿಲ್ಲ. ಅಗಲವಾಗಿ ಹರಡಿ, ನಡುವೆ ಒಮ್ಮೆ ನಿಲ್ಲಿಸಿ ಕಲಕಿ, ಹೊಗೆಯಾಡುವಷ್ಟು ಬಿಸಿ ಮಾಡಿ, ಆಮೇಲೆ ಎರಡು ನಿಮಿಷ ಮುಚ್ಚಿಡಬೇಕು. ಆ ಎರಡು ನಿಮಿಷವೂ ಅಡುಗೆಯ ಲೆಕ್ಕದಲ್ಲೇ ಸೇರಿದ್ದು. ಅನ್ನಕ್ಕಾದರೆ ಮೇಲೊಂದಿಷ್ಟು ನೀರು ಚಿಮುಕಿಸಿ ಸಡಿಲವಾಗಿ ಮುಚ್ಚಿದರೆ ಈಗ ಬಸಿದಂತೆ ಅರಳುತ್ತದೆ. ಬಿಗಿಯಾಗಿ ಮುಚ್ಚಿದರೆ ಆವಿ ಸಿಡಿದೀತು. ಸಿಪ್ಪೆಯ ಆಲೂಗೆಡ್ಡೆಗೆ ಮೊದಲು ಚುಚ್ಚಬೇಕು. ಚಿಪ್ಪಿನ ಮೊಟ್ಟೆ ಇಡಲೇಬಾರದು, ಸ್ಪೆನ್ಸರನ ಕಾಲದ ಪಾಠ ಅದು. ಮಗುವಿನ ಹಾಲಿನ ಬಾಟಲಿ ಹೊರಗೆ ಉಗುರುಬೆಚ್ಚಗಿದ್ದು ಒಳಗೆ ಬಾಯಿ ಸುಡುವಂತಿರಬಹುದು. ಅದನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡುವುದೇ ಲೇಸು.

ಎಲ್ಲಕ್ಕಿಂತ ಮೋಸದ್ದು ಬರೀ ನೀರು. ನಯವಾದ ಗಾಜಿನ ಲೋಟದಲ್ಲಿ ನೀರನ್ನು ಹೆಚ್ಚು ಹೊತ್ತು ಬಿಸಿ ಮಾಡಿದರೆ ಗುಳ್ಳೆ ಏಳದೆಯೇ ಕುದಿಯುವ ಬಿಸಿಯನ್ನೂ ಮೀರಿಬಿಡುತ್ತದೆ. ನೋಡಿದರೆ ಸುಮ್ಮನಿರುತ್ತದೆ. ಕಾಫಿಪುಡಿಯೋ ಚಮಚವೋ ಬಿದ್ದೊಡನೆ ಒಮ್ಮೆಗೇ ಉಕ್ಕಿ ಕೈಮುಖ ಸುಡುತ್ತದೆ. ನೀರಿನೊಳಗೆ ಮೊದಲೇ ಒಂದು ಮರದ ಚಮಚ ಹಾಕಿಟ್ಟು, ಹೊತ್ತು ಕಡಿಮೆ ಇಟ್ಟು, ಮುಗಿದ ಮೇಲೆ ಒಂದು ನಿಮಿಷ ಬಿಟ್ಟು ತೆಗೆಯಬೇಕು. ಅಮ್ಮನ ಕಷಾಯಕ್ಕೆ ಈ ನಿಯಮ ಕಡ್ಡಾಯ.

ಒಗ್ಗರಣೆ, ಕರಿಯುವುದು ಇದರ ಕೆಲಸವಲ್ಲ. ಹಪ್ಪಳ ಮಾತ್ರ ಒಂದು ತೊಟ್ಟು ಎಣ್ಣೆಯಿಲ್ಲದೆ ಒಂದು ನಿಮಿಷದೊಳಗೆ ಅರಳುತ್ತದೆ. ಬಿಟ್ಟು ಆಚೆ ಹೋದರೆ ಕರಟುತ್ತದೆ. ಒಳಗೆ ಏನಾದರೂ ಹೊತ್ತಿಕೊಂಡರೆ ಬಾಗಿಲು ತೆಗೆಯಬಾರದು. ಸ್ವಿಚ್ ಆರಿಸಿ ಸುಮ್ಮನಿದ್ದರೆ ಗಾಳಿಯಿಲ್ಲದೆ ತಾನೇ ಆರುತ್ತದೆ. ಖಾಲಿ ಒಲೆಯನ್ನು ಓಡಿಸಬಾರದು. ಬಾಗಿಲು ಸರಿಯಾಗಿ ಕೂರದಿದ್ದರೆ, ಅಂಚು ಮುರಿದಿದ್ದರೆ ಬಳಸಬಾರದು. ಹಿಂಬದಿಯ ಮುಚ್ಚಳವನ್ನಂತೂ ಯಾವ ಮನೆಯ ಜಾಣನೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಒಳಗೆ ಸಾವಿರಾರು ವೋಲ್ಟಿನ ವಿದ್ಯುತ್ತು ಉಳಿದಿರಬಹುದು. 800 ವ್ಯಾಟಿನ ಒಲೆ ಗೋಡೆಯಿಂದ ಎಳೆಯುವುದು 1200 ವ್ಯಾಟಿಗೂ ಹೆಚ್ಚು. ಆದ್ದರಿಂದ ಅರ್ಥಿಂಗ್ ಇರುವ ದೊಡ್ಡ ಪ್ಲಗ್ಗಿಗೆ ನೇರವಾಗಿ ಹಾಕಬೇಕು, ಫ್ರಿಜ್ಜಿನ ಜೊತೆ ಹಂಚಿಕೊಳ್ಳುವಂತಿಲ್ಲ.

ಇಷ್ಟನ್ನೂ ಓದಿ, ಪಾಠದ ಟಿಪ್ಪಣಿಯಂತೆ ಬರೆದುಕೊಂಡು, ದಸರಾ ರಜೆಯಲ್ಲಿ ಹೂದಾನಿ ಇಳಿಸಿದೆ. ಎಲೆಕ್ಟ್ರಿಷಿಯನ್ನನ್ನು ಕರೆಸಿ ಪ್ಲಗ್ ಬದಲಿಸಿದೆ. ಒಲೆಯನ್ನು ಅಮ್ಮನ ಎದೆಯ ಮಟ್ಟಕ್ಕಿಂತ ಕೆಳಗೆ, ಕಟ್ಟೆಯ ಮೇಲೆ ಇರಿಸಿದೆ, ಬಿಸಿ ಪಾತ್ರೆಯನ್ನು ಎತ್ತರದಿಂದ ಇಳಿಸುವಂತಾಗಬಾರದಲ್ಲ! ಒಂದೇ ಗುಂಡಿಗೆ ಕೆಂಪು ಉಗುರುಬಣ್ಣದ ಚುಕ್ಕೆ ಇಟ್ಟೆ. ಒಮ್ಮೆ ಒತ್ತಿದರೆ ಅರ್ಧ ನಿಮಿಷ. ಎರಡು ಹಿಡಿಯಿರುವ ಅಗಲದ ಗಾಜಿನ ಬೋಗುಣಿ ತಂದೆ. ನಡುಗುವ ಕೈಗೆ ಎರಡು ಹಿಡಿ ಬೇಕು.

ಆಮೇಲೆ ಅಮ್ಮನನ್ನು ಕೂರಿಸಿಕೊಂಡು ಯಂತ್ರದ ವಿಷಯ ಬಿಟ್ಟು ಸ್ಪೆನ್ಸರನ ಕಥೆ ಹೇಳಿದೆ. ತಂದೆಯಿಲ್ಲದ ಹುಡುಗ, ಶಾಲೆ ಬಿಟ್ಟದ್ದು, ರಾತ್ರಿ ಕಾವಲಿನಲ್ಲಿ ರೇಡಿಯೋ ಕಲಿತದ್ದು, ಜೇಬಿನ ಮಿಠಾಯಿ ಕರಗಿದ್ದು. ಕೊನೆಗೆ ಇಷ್ಟಕ್ಕೆಲ್ಲ ಕಂಪನಿ ಅವನಿಗೆ ಕೊಟ್ಟ ಇನಾಮು ಎರಡು ಡಾಲರು ಎಂಬ ಮಾತಿದೆ ಎಂದಾಗ, "ಅಯ್ಯೋ ಪಾಪ" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಇದು ರೇಡಿಯೋ ಜಾತಿಯದ್ದು ಅನ್ನು. ಮೊದಲೇ ಹೇಳಬಾರದಿತ್ತೇ? ರೇಡಿಯೋಕ್ಕೆ ನಾನೇನು ಹೆದರುತ್ತೇನಾ?" ಎಂದು ಎದ್ದಳು.

ತಾನೇ ಸಾರು ಬಗ್ಗಿಸಿ ಒಳಗಿಟ್ಟಳು. ಕೆಂಪು ಚುಕ್ಕೆಯನ್ನು ಎರಡು ಸಲ ಒತ್ತಿದಳು. ತಟ್ಟೆ ತಿರುಗುವುದನ್ನು ಅಪ್ಪನ ಹಳೆಯ ರೇಡಿಯೋ ಕೇಳುವವಳಂತೆ ತಲೆ ಓರೆ ಮಾಡಿ ನೋಡುತ್ತ ನಿಂತಳು. ನಡುವೆ ನಿಲ್ಲಿಸಿ ಕಲಕಿದಳು, ಮತ್ತೆ ಒತ್ತಿದಳು. ಬೀಪ್ ಎಂದಾಗ, "ತಡಿ, ಎರಡು ನಿಮಿಷ ಆಗಬೇಕು" ಎಂದು ನನ್ನ ಕೈಯನ್ನೇ ತಡೆದಳು.

ಈಗ ಶಾಲೆಯಲ್ಲಿ ಮಧ್ಯಾಹ್ನದ ಗಂಟೆ ಹೊಡೆದಾಗ ನನ್ನ ಡಬ್ಬಿ ಬಿಚ್ಚುತ್ತ ಮನೆಗೊಂದು ಫೋನು ಮಾಡುತ್ತೇನೆ. "ಊಟ ಆಯ್ತೇನಮ್ಮಾ?" ಎಂದರೆ, "ರೇಡಿಯೋ ಒಲೆ ಹಾಡ್ತಾ ಇದೆ, ಆಮೇಲೆ ಮಾತಾಡು" ಎಂದು ಇಟ್ಟುಬಿಡುತ್ತಾಳೆ. ನನ್ನ ಡಬ್ಬಿಯ ಅನ್ನ ತಣ್ಣಗಿರುತ್ತದೆ. ಪರವಾಗಿಲ್ಲ.